ಕಿವಿ ಮುಟ್ಟುವವರು

ನನಗೆ ಓದು ಬರಹ ಬರುವ ಮೊದಲೇ ಕಿವಿ ಮುಟ್ಟಿಕೊಳ್ಳುವುದು ಬಂದಿತ್ತು. ಹಾಡುವವರ ಮನೆಗಳಲ್ಲಿ ಅದೊಂದು ಪದ್ಧತಿ. ಕಲಿಸಿದವರ ಹೆಸರು ಬಾಯಿಗೆ ಬಂದರೆ, ಅಥವಾ ಅವರು ಕೊಟ್ಟ ಹಾಡನ್ನು ಎತ್ತಿಕೊಳ್ಳುವ ಮೊದಲು, ಬಲಗೈಯಿಂದ ಕಿವಿಯ ಹಾಲೆ ಮುಟ್ಟಬೇಕು. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ ಅಂತ ಅರ್ಥವೋ, ಈ ಕಿವಿಗೆ ಹಾಕಿದವರು ನೀವೇ ಅಂತ ಅರ್ಥವೋ, ನನಗೆ ಯಾರೂ ಬಿಡಿಸಿ ಹೇಳಲಿಲ್ಲ. ಅವ್ವ ರೊಟ್ಟಿ ತಟ್ಟುತ್ತ ಗುನುಗುವಾಗಲೂ ಹಿಟ್ಟಿನ ಕೈಯಲ್ಲೇ ಕಿವಿ ಮುಟ್ಟುತ್ತಿದ್ದಳು. ಅವಳ ಕಿವಿಯ ಮೇಲೆ ಮಧ್ಯಾಹ್ನದ ತನಕ ಜೋಳದ ಹಿಟ್ಟು ಹಾಗೇ ಇರುತ್ತಿತ್ತು. ನಾನು ನೋಡಿ ನಗುತ್ತಿದ್ದೆ.

ಅವ್ವನಿಗೆ ಕಲಿಸಿದವಳು ಅವಳ ತಾಯಿ, ನನ್ನ ಅಜ್ಜಿ. ಬೆಳಗಾವಿ ಕಡೆಯ ನಮ್ಮ ಊರಿನಲ್ಲಿ ಅವಳನ್ನು ಎಲ್ಲರೂ ದೊಡ್ಡಬಾಯಿ ಅನ್ನುತ್ತಿದ್ದರು. ನಮ್ಮದು ಮದುವೆಯಿಲ್ಲದ ಮನೆ. ಹಾಡಿ ಬದುಕುವ ಹೆಂಗಸರು, ಅವರನ್ನು ನೋಡಿಕೊಳ್ಳುವ ಒಬ್ಬ ಯಜಮಾನ, ಅವನಿಗೆ ಬೇರೆ ಓಣಿಯಲ್ಲಿ ಹೆಂಡತಿ ಮಕ್ಕಳ ಸಂಸಾರ. ಈಗ ಇದನ್ನು ಸಲೀಸಾಗಿ ಬರೆಯುತ್ತಿದ್ದೇನೆ. ಆಗ ಬಾಯಿ ಬಿಡುವ ಹಾಗಿರಲಿಲ್ಲ. ಅವ್ವನನ್ನು ನೋಡಿಕೊಳ್ಳುತ್ತಿದ್ದ ನನ್ನ ಅಪ್ಪ ತೀರಿಕೊಂಡಾಗ ಅವರ ಮನೆಯವರು ನಮ್ಮನ್ನು ಬಾಗಿಲ ಹತ್ತಿರವೂ ಬಿಡಲಿಲ್ಲ. ಆಗ ಅಜ್ಜಿಯೂ ಇರಲಿಲ್ಲ. ಅವ್ವ ನನ್ನನ್ನು ಕಟ್ಟಿಕೊಂಡು ಮುಂಬಯಿಗೆ ಬಂದಳು, ದಾದರಿನ ಒಂದು ಚಾಳಿನಲ್ಲಿ ಒಂದೇ ಕೋಣೆಯ ಖೋಲಿ ಹಿಡಿದಳು, ಮತ್ತು ಹಣೆಯ ಕುಂಕುಮ ಅಳಿಸಿದಳು. ತಾಳಿಯನ್ನೇ ಕಟ್ಟದ ಗಂಡನಿಗೆ ವಿಧವೆಯಾದಳು. ವಿಧವೆಗೆ ಚಾಳಿನಲ್ಲಿ ಮಾನವಿತ್ತು. ನಮ್ಮಂಥವರಿಗೆ ಇರಲಿಲ್ಲ.

ಆ ಮಾನದ ಮೇಲೆಯೇ ಅವ್ವ ಬದುಕು ಕಟ್ಟಿದಳು. ನಮ್ಮ ಕಡೆಯ ಸಂಸಾರಸ್ಥರು, ಧಾರವಾಡ, ವಿಜಾಪುರದಿಂದ ಬಂದು ಬ್ಯಾಂಕು ಕಚೇರಿಗಳಲ್ಲಿ ದುಡಿಯುವವರು, ತಮ್ಮ ಹೆಣ್ಣುಮಕ್ಕಳನ್ನು ಹಾಡು ಕಲಿಯಲು ಕಳಿಸುತ್ತಿದ್ದರು. ಸಂಜೆ ನಾನು ಫೋರ್ಟಿನ ಕಚೇರಿಯಲ್ಲಿ ಟೈಪ್ ಮಾಡಿ ಬೆರಳು ನೋಯಿಸಿಕೊಂಡು ಲೋಕಲ್ ರೈಲು ಇಳಿದು ಬಂದರೆ ನಮ್ಮ ಖೋಲಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಲಂಗದ ಹುಡುಗಿಯರು ಸಾಲಾಗಿ ಕೂತು ಸರಿಗಮ ಅನ್ನುತ್ತಿದ್ದರು. ಅವರಿಗೂ ಅವ್ವ ಮೊದಲು ಕಲಿಸಿದ್ದು ಕಿವಿ ಮುಟ್ಟುವುದನ್ನೇ. ಅವಳ ಮಗಳಾದ ನನಗೆ ಮಾತ್ರ ಗಂಟಲಿರಲಿಲ್ಲ. ಸಿಟ್ಟಿತ್ತು.

ಇನ್ನು ಬುವಾ. ಮರಾಠಿಯವರು ದೊಡ್ಡ ಗವಾಯಿಗಳನ್ನು ಬುವಾ ಅಂತ ಕರೆಯುವುದು ಕೇಳಿ ನಾವೂ ಅವರನ್ನು ಹಾಗೇ ಕರೆಯುತ್ತಿದ್ದೆವು. ನಮ್ಮ ನಾಡಿನವರು, ನಮ್ಮ ಭಾಷೆಯವರು, ಹಿಂದೂಸ್ತಾನಿ ಹಾಡಿ ಇಡೀ ಮುಂಬಯಿಯಿಂದ ವಾಹ್ ಅನ್ನಿಸಿಕೊಂಡವರು. ಪರವೂರಿನಲ್ಲಿ ಹೊಟ್ಟೆಪಾಡಿಗೆ ಬಂದವರಿಗೆ ಅಂಥ ಒಬ್ಬ ಮನುಷ್ಯ ಬೇಕು. ಕಚೇರಿಯಲ್ಲಿ ಯಾರಾದರೂ ನಮ್ಮ ಹಿಂದಿ ಕೇಳಿ ನಕ್ಕರೆ, ಬುವಾ ನಮ್ಮವರು ಗೊತ್ತೇನು ಅಂತ ಎದೆ ಉಬ್ಬಿಸಬಹುದಿತ್ತು. ದಾದರ್ ಸ್ಟೇಷನ್ ಹತ್ತಿರ ಉಡುಪಿ ಕಡೆಯ ಯಜಮಾನರೊಬ್ಬರ ಹೋಟೆಲ್ ಇತ್ತು. ಅಲ್ಲಿ ಗಲ್ಲಾದ ಹಿಂದೆ ಕೃಷ್ಣನ ಪಟದ ಪಕ್ಕದಲ್ಲಿ ಬುವಾ ಅವರ ಫೋಟೋ ಇತ್ತು, ಎರಡಕ್ಕೂ ದಿನಾ ಮಲ್ಲಿಗೆ ಬೀಳುತ್ತಿತ್ತು. ರೇಡಿಯೋದಲ್ಲಿ ಬುವಾ ಹಾಡುವ ದಿನ ಯಜಮಾನರು ಲೋಟಗಳ ಸದ್ದು ಮಾಡಬೇಡಿ ಅಂತ ಮಾಣಿಗಳನ್ನು ಗದರುತ್ತಿದ್ದರು. ಅವ್ವ ಮತ್ತು ನಾನು ಪರದೆ ಹಾಕಿದ ಫ್ಯಾಮಿಲಿ ರೂಮಿನಲ್ಲಿ ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡು ಕೊನೆಯ ತನಕ ಕೂತಿರುತ್ತಿದ್ದೆವು. ಏಳಿ ಅಂತ ಅವರು ಒಂದು ದಿನವೂ ಅಂದವರಲ್ಲ.

ಎಲ್ಲರಿಗೂ ಬುವಾ ಹಾಡು ಇಷ್ಟ. ಅವ್ವನಿಗೆ ಬೇರೆ ಕಾರಣವೂ ಇತ್ತು. ಬುವಾ ಮೀಸೆ ಚಿಗುರುವ ವಯಸ್ಸಿನಲ್ಲಿ ಹಾಡು ಕಲಿಯಲು ಬಂದದ್ದು ನಮ್ಮ ಅಜ್ಜಿಯ ಮನೆಗೆ. ಒಳ್ಳೆಯ ಮನೆತನದ ಹುಡುಗ. ಯಾರಾದರೂ ಕಂಡಾರು ಎಂಬ ಹೆದರಿಕೆಯಿಂದ ಹಿತ್ತಲ ಬಾಗಿಲ ಹೊರಗೇ ನಿಂತಿರುತ್ತಿದ್ದನಂತೆ. ಒಳಗ ಬಾ ತಮ್ಮಾ ಅಂತ ಕರೆದು ಕೂರಿಸಿ ಕಲಿಸಿದವಳು ಅಜ್ಜಿ. ಆಗ ಅವ್ವ ಪುಟ್ಟ ಹುಡುಗಿ, ಅವನಿಗೆ ನೀರು ತಂದುಕೊಡುವುದು ಅವಳ ಕೆಲಸ. ಕೆಲವು ವರ್ಷ ಕಲಿತು, ಆಮೇಲೆ ಅವನು ದೊಡ್ಡ ಉಸ್ತಾದರೊಬ್ಬರ ಹತ್ತಿರ ಹೋದ. ಪತ್ರಿಕೆಗಳಲ್ಲಿ ಬರುತ್ತಿದ್ದದ್ದು ಆ ಉಸ್ತಾದರ ಹೆಸರು ಮಾತ್ರ.

ಅವ್ವನಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ಯಾಕೆಂದರೆ ಬುವಾ ಪ್ರತಿ ವರ್ಷ ಗಣೇಶೋತ್ಸವದಲ್ಲಿ ನಮ್ಮ ಕನ್ನಡ ಮಂಡಳಿಗಾಗಿ ಒಂದು ಭಾನುವಾರ ಬೆಳಗ್ಗೆ ಹಾಡುತ್ತಿದ್ದರು, ಮುಗಿಸುವಾಗ ಯಾವಾಗಲೂ ಒಂದೇ ಭೈರವಿ ಹಾಡುತ್ತಿದ್ದರು. ಅದು ಅಜ್ಜಿಯದು. ಬಾಗಿಲಲ್ಲಿ ನಾಚಿ ನಿಂತವನನ್ನು ಒಬ್ಬಳು ಒಳಗೆ ಕರೆಯುವ ಹಾಡು. ಅದನ್ನು ಎತ್ತಿಕೊಳ್ಳುವ ಮೊದಲು ಬುವಾ ಕಣ್ಣು ಮುಚ್ಚಿ ಬಲಗಿವಿಯ ಹಾಲೆ ಮುಟ್ಟುತ್ತಿದ್ದರು. ಉಸ್ತಾದರ ಮೇಲೆ ಎಂಥಾ ಭಕ್ತಿ ನೋಡ್ರಿ ಅಂತ ಗಂಡಸರ ಸಾಲಿನಲ್ಲಿ ಪಿಸುಮಾತಾಗುತ್ತಿತ್ತು. ಹೆಂಗಸರ ಕಡೆ ಕೂತ ಅವ್ವ ನನ್ನ ಮೊಣಕೈ ತಿವಿಯುತ್ತಿದ್ದಳು.

“ನಿಮ್ಮಜ್ಜಿನ್ನ ನೆನಸಿದ ನೋಡು.”

ಇಡೀ ಮುಂಬಯಿಯಲ್ಲಿ ನನ್ನ ಅಜ್ಜಿಯ ಹೆಸರಿಗೆ ಕಿವಿ ಮುಟ್ಟುವವರು ಅವ್ವನ ಹೊರತು ಅವರೊಬ್ಬರೇ. ಆ ಒಂದು ಗಳಿಗೆಗಾಗಿ ಅವಳು ವರ್ಷವಿಡೀ ಕಾಯುತ್ತಿದ್ದಳು ಅಂದರೆ ಹೆಚ್ಚಾಗಲಿಕ್ಕಿಲ್ಲ. ಹೋಗಿ ನಿನ್ನ ಪರಿಚಯ ಹೇಳಿಕೋ ಅಂತ ನಾನು ಎಷ್ಟೋ ಸಲ ಗಂಟುಬಿದ್ದೆ. “ನಾ ಯಾರು ಅಂತ ಹೇಳಿದ್ರ ಎಲ್ಲಿಯಾಕಿ ಅನ್ನೂದನ್ನೂ ಹೇಳಬೇಕಾಗತೈತಿ. ಯಾಕ ಬೇಕು? ಅವ್ನ ಕೈ ಹೇಳತೈತಿ, ಸಾಕು,” ಅನ್ನುತ್ತಿದ್ದಳು.

ಹೀಗಿರುವಾಗ ಒಂದು ಚಳಿಗಾಲ ಘಾಟ್ಕೋಪರಿನ ಶಾಲೆಯೊಂದರ ಹಾಲಿನಲ್ಲಿ ಬುವಾ ಅವರಿಗೆ ಸನ್ಮಾನ ಮಾಡಿದರು. ಅವ್ವ ಇದ್ದುದರಲ್ಲಿ ಒಳ್ಳೆಯ ಬಿಳಿ ಸೀರೆ ಉಟ್ಟಳು. ಶಾಲು, ಹಾರ, ಫಲತಾಂಬೂಲ ಎಲ್ಲ ಆಯಿತು. ಬುವಾ ಮಾತಾಡಲು ಎದ್ದರು. ಅವರು ಮಾತಾಡಿದ್ದನ್ನು ನಾವು ಯಾರೂ ಅದಕ್ಕೆ ಮೊದಲು ಕೇಳಿರಲಿಲ್ಲ, ಹಾಡನ್ನಷ್ಟೇ ಕೇಳಿದ್ದೆವು. ಸಂಗೀತ ಈಗ ಕೊಳೆ ತೊಳೆದುಕೊಳ್ಳುವ ಕಾಲ ಬಂದಿದೆ ಅಂದರು. ಸ್ವಾತಂತ್ರ್ಯ ಬಂತು, ಇನ್ನಾದರೂ ಆ ಬಗೆಯ ಮನೆಗಳ ಹೆಂಗಸರಿಂದ ಈ ವಿದ್ಯೆಯನ್ನು ಬಿಡಿಸಿಕೊಳ್ಳಬೇಕು, ರೇಡಿಯೋದವರು ಅವರಿಗೆ ಬಾಗಿಲು ಹಾಕಬೇಕು, ಮಾನವಂತರ ಮನೆಯ ಹೆಣ್ಣುಮಕ್ಕಳು ಅವರ ನೆರಳಿನಲ್ಲೂ ಕೂರಬಾರದು ಅಂದರು. ಸಿಟ್ಟಿನಿಂದಲ್ಲ. ಮೆಲ್ಲಗೆ, ನಗುನಗುತ್ತ, ಮನೆಯ ಹಿರಿಯರು ಮಕ್ಕಳಿಗೆ ಬುದ್ಧಿ ಹೇಳುವ ಹಾಗೆ.

ಹಾಲ್ ತುಂಬ ಚಪ್ಪಾಳೆ. ನಾನು ಅವ್ವನ ಕಡೆ ತಿರುಗಿದೆ. ಅವ್ವನೂ ಚಪ್ಪಾಳೆ ತಟ್ಟುತ್ತಿದ್ದಳು.

ವಾಪಸು ಬರುವಾಗ ಲೋಕಲಿನ ಹೆಂಗಸರ ಬೋಗಿಯಲ್ಲಿ ನನ್ನ ಬಾಯಿ ಕಟ್ಟಲು ಯಾರಿಂದಲೂ ಆಗಲಿಲ್ಲ. ನಮ್ಮ ಮಾತು ಉಳಿದವರಿಗೆ ತಿಳಿಯದು ಎಂಬ ಧೈರ್ಯ ಬೇರೆ. “ಯಾಕ ಹೊಡದಿ ಚಪ್ಪಾಳಿ? ನಿನ್ನನ್ನ ಬೈದದ್ದಕ್ಕ?”

“ಎಲ್ಲಾರೂ ಹೊಡ್ಯಾಕತ್ತಿದ್ರು. ನಾ ಒಬ್ಬಾಕಿ ಕೈ ಕಟಗೊಂಡ ಕುಂತ್ರ ನನ್ನ ಮಾರಿ ನೋಡತಿದ್ರು.”

“ಮತ್ತ ದೊಡ್ಡಬಾಯಿ? ಆಕಿ ಮನಿ ನೀರು ಕುಡದಾಂವ ಅವ.”

“ಸುಮ್ಮನ ಕುಂದ್ರು.”

ಅಂದಿನಿಂದ ನನ್ನ ಬಾಯಲ್ಲಿ ಬುವಾ ‘ಅವರು’ ಹೋಗಿ ‘ಅವನು’ ಆದ. ಅವ್ವನಿಗೆ ಅವನು ಮೊದಲಿನಿಂದಲೂ ಹಾಗೆಯೇ ಇದ್ದ, ಆದರೆ ಅವಳು ಅನ್ನುತ್ತಿದ್ದದ್ದು ಮನೆಯ ಹುಡುಗನನ್ನು ಅಂದ ಹಾಗೆ. ದಾದರ್ ಬರುವ ತನಕ ಅವಳು ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಿದ್ದಳು. ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ವಾರವೇ ಮಂಡಳಿಯ ಕಾರ್ಯದರ್ಶಿಗಳ ಹೆಂಡತಿ ನಮ್ಮ ಖೋಲಿಗೆ ಬಂದರು. ಧಾರವಾಡದ ಕಡೆಯವರು, ಮನಸ್ಸಿನಲ್ಲಿ ಕಲ್ಮಷವಿಲ್ಲದ ಹೆಂಗಸು. ಅವರ ಮಗಳು ಅವ್ವನ ಶಿಷ್ಯೆಯರಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದಳು. ಡಬ್ಬಿಯಲ್ಲಿ ಕರ್ಚಿಕಾಯಿ ತಂದಿದ್ದರು.

“ಬುವಾ ಹೇಳಿದ್ದು ಖರೇ ಅದ ನೋಡ್ರಿ,” ಅಂದರು. “ಈ ಊರಾಗ ಹಾಡು ಕಲಸ್ತೀನಿ ಅನ್ನೋರು ಎಂಥೆಂಥಾ ಮಂದಿ ಇರ್ತಾರ, ಯಾರನ್ನ ನಂಬೋದು? ನಮ್ಮ ಪುಣ್ಯಕ್ಕ ನೀವು ಸಿಕ್ಕೀರಿ. ಮಾನಸ್ತರು. ನಿಮ್ಮ ಕಡೆ ಮಗಳನ್ನ ಬಿಟ್ಟು ನಾ ನಿಶ್ಚಿಂತಿ ಇದ್ದೀನಿ.”

ಅವ್ವ ಕರ್ಚಿಕಾಯಿಗಳನ್ನು ತಟ್ಟೆಗೆ ಹಾಕುತ್ತಿದ್ದಳು. ಒಂದು ಕೈಯಲ್ಲೇ ಉಳಿಯಿತು. ಬೈದದ್ದನ್ನು ನುಂಗಿಕೊಂಡವಳಿಗೆ ಈ ಹೊಗಳಿಕೆ ನುಂಗಲು ಆಗಲಿಲ್ಲ ಅಂತ ಕಾಣುತ್ತದೆ.

“ನಾನೂ ಅಂಥಾ ಮನ್ಯಾಕೀನರಿ,” ಅಂದಳು. “ನನ್ನ ತಾಯಿ ಹಾಡಾಕಿ. ನನಗ ಮದಿವಿ ಆಗಿದ್ದಿಲ್ಲ.”

ಆ ಹೆಂಗಸು ಗ್ಯಾಸಲೇಟ್ ಎಣ್ಣೆಯ ಸರದಿ ಬಂದಿದೆ, ರೇಶನ್ನಿನ ಅಂಗಡಿಗೆ ಹೋಗಬೇಕು ಅಂತ ಎದ್ದರು. ಡಬ್ಬಿ ನಮ್ಮಲ್ಲೇ ಮರೆತು ಹೋದರು. ಅದನ್ನು ತೆಗೆದುಕೊಳ್ಳಲು ಅವರು ಬರಲಿಲ್ಲ, ಅವ್ವ ತೊಳೆದು ಕಪಾಟಿನ ಮೇಲಿಟ್ಟಳು.

ಆಮೇಲೆ ಹುಡುಗಿಯರು ಕಡಿಮೆಯಾಗುತ್ತ ಬಂದರು. ಒಬ್ಬಳಿಗೆ ಪರೀಕ್ಷೆ, ಒಬ್ಬಳಿಗೆ ಗಂಟಲು ನೋವು, ಇನ್ನೊಬ್ಬಳ ಮನೆಗೆ ಊರಿನಿಂದ ಯಾರೋ ಬಂದರು. ಯಾರೂ ನಮ್ಮನ್ನು ಬೈಯಲಿಲ್ಲ. ನಳದ ಹತ್ತಿರ ಮೊದಲಿನಂತೆಯೇ ಮಾತಾಡುತ್ತಿದ್ದರು, ಸ್ವಲ್ಪ ಹೆಚ್ಚೇ ಮರ್ಯಾದೆಯಿಂದ. ಆ ಮರ್ಯಾದೆ ನನಗೆ ಬೆಂಕಿ ಹಚ್ಚುತ್ತಿತ್ತು. ಬೇಸಿಗೆಯ ಹೊತ್ತಿಗೆ ಖೋಲಿಯಲ್ಲಿ ಬೇಕಾದಷ್ಟು ಜಾಗವಾಯಿತು. ಅವ್ವ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿ, ಪಕ್ಕದ ಗಲ್ಲಿಯ ದರ್ಜಿಗೆ ಅಂಗಿಗಳ ಕಾಜು ಗುಂಡಿ ಹಾಕಿಕೊಡತೊಡಗಿದಳು. ರೊಟ್ಟಿ ತಟ್ಟುವಾಗ ಗುನುಗುವುದೂ ನಿಂತಿತು. ಹಾಡು ಹೋದದ್ದಕ್ಕಿಂತ, ಅವಳ ಕಿವಿಯ ಮೇಲೆ ಹಿಟ್ಟಿಲ್ಲದ್ದು ನನಗೆ ಹೆಚ್ಚು ಎದ್ದು ಕಾಣುತ್ತಿತ್ತು.

ಹೋಟೆಲಿನ ಯಜಮಾನರ ಪಾಡು ಬೇರೆ. ಬುವಾನ ಮಾತೂ ಅವ್ವನ ಸುದ್ದಿಯೂ ಅವರ ಕಿವಿಗೆ ಬಿದ್ದಿದ್ದವು. ಒಂದು ದಿನ ನಾನು ಹೋದಾಗ ಗಲ್ಲಾದ ಹಿಂದೆ ಕೃಷ್ಣ ಒಬ್ಬನೇ ಇದ್ದ. ಪಕ್ಕದಲ್ಲಿ ಹೊಗೆ ಹಿಡಿಯದ ಒಂದು ಚೌಕ ಬೆಳ್ಳಗೆ ಕಾಣುತ್ತಿತ್ತು. ಮುಂದಿನ ವಾರ ಹೋದರೆ ಫೋಟೋ ಮತ್ತೆ ಗೋಡೆಯ ಮೇಲಿತ್ತು, ಮಲ್ಲಿಗೆ ಇರಲಿಲ್ಲ. ಅದರ ಮುಂದಿನ ವಾರ ಮತ್ತೆ ಚೌಕ. ನಾನು ಚುಚ್ಚಿದೆ. “ಏನ್ರಿ, ನಿಮ್ಮ ದೇವರು ಬಂದು ಹೋಗಿ ಮಾಡ್ಲಿಕ್ಕೆ ಹತ್ಯಾರಲ್ಲ?”

“ಎಂತ ಮಾಡುದು ಹೇಳಿ,” ಅಂದರು. ನಗಲಿಲ್ಲ. “ತೆಗೆದ್ರೆ ಹಾಡು ನೆನಪಾಗ್ತದೆ. ಇಟ್ರೆ ಆ ಮಾತು ನೆನಪಾಗ್ತದೆ. ನಿಮ್ಮ ತಾಯಿಯವರು ಈಗ ಬರುದೇ ಇಲ್ಲ ಅಲ್ವಾ? ಫ್ಯಾಮಿಲಿ ರೂಮ್ ನೋಡುವಾಗ ನಂಗೆ ಒಂಥರಾ ಆಗ್ತದೆ ಮಾರಾಯ್ರೆ.”

ಆಗ ಕಾರ್ಯದರ್ಶಿಗಳು ಅಲ್ಲೇ ಇಡ್ಲಿ ತಿನ್ನುತ್ತಿದ್ದರು. ಬ್ಯಾಂಕಿನವರು, ಎಲ್ಲದಕ್ಕೂ ಒಂದು ತೀರ್ಮಾನ ಇಟ್ಟುಕೊಂಡವರು. “ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? ಹಾಡು ಬ್ಯಾರೆ, ಮಾತು ಬ್ಯಾರೆ. ನಮಗ ಬೇಕಾದ್ದು ಹಾಡು. ಮಾತು ಅವರ ಸ್ವಂತದ್ದು.”

“ಎರಡೂ ಒಂದೇ ಗಂಟಲಿಂದ ಬರ್ತಾವಲ್ರಿ,” ಅಂದೆ. “ಆ ಗಂಟಲ ತಿದ್ದಿದಾಕಿ ಯಾರು ಅಂತ ಗೊತ್ತದ ಏನ್ರಿ ನಿಮಗ?” ಮುಂದಿನ ಮಾತು ನಾಲಿಗೆಯ ತುದಿಯಲ್ಲಿತ್ತು. ಅಜ್ಜಿಯ ಹಿತ್ತಲ ಬಾಗಿಲಿನ ವಿಷಯ ಯಾರಿಗೂ ಹೇಳಕೂಡದು ಅಂತ ಅವ್ವ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಅದು ಅವನ ಬಾಯಿಂದ ಬರಬೇಕು, ಇಲ್ಲದಿದ್ದರೆ ಬರುವುದೇ ಬೇಡ ಅನ್ನುವುದು ಅವಳ ಹಟ. ನಾನು ಕಾಫಿಯ ಜೊತೆ ಮಾತನ್ನೂ ನುಂಗಿದೆ. ಕಾರ್ಯದರ್ಶಿಗಳು ಚಟ್ನಿ ಕೇಳಿದರು.

ಮಂಡಳಿಯವರು ಆ ವರ್ಷವೂ ಗಣೇಶೋತ್ಸವಕ್ಕೆ ಬುವಾನನ್ನೇ ಕರೆದರು. ಹೆಚ್ಚು ಚರ್ಚೆಯೇನೂ ಆಗಲಿಲ್ಲ. ಒಂದು ಮಾತ್ರ ಬದಲಾಯಿತು. ಪ್ರತಿ ವರ್ಷ ಹಾಡಿನ ಬೈಠಕ್ಕಿಗೆ ಮೊದಲು ಅವ್ವನ ಶಿಷ್ಯೆಯರು ಗಣಪತಿಯ ಮೇಲೆ ಒಂದು ಪದ ಹಾಡುತ್ತಿದ್ದರು. ಈ ಸಲ ಸಮಯದ ಅಭಾವದಿಂದ ಅದಿಲ್ಲ ಅಂತ ಗೊತ್ತಾಯಿತು.

ನಾನು ಹೋಗುವುದಿಲ್ಲ ಅಂದೆ, ಅವಳೂ ಹೋಗಕೂಡದು ಅಂದೆ. ಅವ್ವ ಆಗಲೇ ತಲೆ ಬಾಚಿಕೊಂಡಿದ್ದಳು.

“ಆ ಭೈರವಿಗೆ ಕಿವಿ ಮುಟ್ಟತಾನೋ ಇಲ್ಲೋ ನೋಡಬೇಕು ನಾ. ಅಷ್ಟ ನೋಡಿ ಬರತೀನಿ.”

“ಮುಟ್ಟಿದ್ರ?”

“ಮುಟ್ಟಿದ್ರ ಅವತ್ತು ಆಡಿದ್ದು ಬರೇ ಬಾಯಿ ಮಾತು ಅಂತ ತಿಳ್ಕೋತೀನಿ.”

“ಮುಟ್ಟದಿದ್ರ?”

ಅವ್ವ ಕನ್ನಡಿಯ ಮುಂದೆ ನಿಂತು, ಇಷ್ಟು ವರ್ಷ ಮುಟ್ಟದ ಕುಂಕುಮದ ಬಟ್ಟಲು ತೆಗೆದು ಹಣೆಗೆ ಇಟ್ಟುಕೊಂಡಳು. ಮದುವೆಯಿಲ್ಲದೆ ವಿಧವೆಯೂ ಆಗದ ನಮ್ಮ ಮನೆಯ ಹೆಂಗಸರು ಸಾಯುವ ತನಕ ಇಟ್ಟುಕೊಳ್ಳುವಂಥ ದೊಡ್ಡ ಕುಂಕುಮ. ಅವಳೊಬ್ಬಳನ್ನೇ ಕಳಿಸುವುದು ಹೇಗೆ? ನಾನೂ ಚಪ್ಪಲಿ ಮೆಟ್ಟಿದೆ.

ಮಂಡಳಿಯ ಹಾಲಿನಲ್ಲಿ ನಾವು ಕೂತ ಮೇಲೆ ಜಮಖಾನೆಯ ಮೇಲೆ ನಮ್ಮ ಸುತ್ತ ಜಾಗವಾಯಿತು. ಯಾರೂ ಎದ್ದು ಹೋಗಲಿಲ್ಲ. ಮಗುವನ್ನು ಎತ್ತಿಕೊಳ್ಳುವ ನೆಪ, ಸೆರಗು ಸರಿಮಾಡುವ ನೆಪ, ಅಷ್ಟಷ್ಟೇ ಸರಿದರು. ಕಾರ್ಯದರ್ಶಿಗಳ ಹೆಂಡತಿ ಮಗಳ ಜೊತೆ ಎದುರು ಸಾಲಿನಲ್ಲಿದ್ದರು. ಹುಡುಗಿ ತಿರುಗಿ ತಿರುಗಿ ಅವ್ವನ ಹಣೆ ನೋಡುತ್ತಿದ್ದಳು. ಹೋಟೆಲಿನ ಯಜಮಾನರು ಊಟದ ಪಾತ್ರೆಗಳನ್ನು ಇಳಿಸಿ ಬಂದು ಬಾಗಿಲ ಹತ್ತಿರ ನಿಂತರು, ಒಳಗೆ ಬಂದು ಕೂರಲಿಲ್ಲ.

ಬುವಾ ಹಾಡಿದ. ಚೆನ್ನಾಗಿ ಹಾಡಿದನೇ ಅಂತ ಕೇಳಬೇಡಿ. ಕೆಟ್ಟದಾಗಿ ಹಾಡಲಿ ಅಂತ ನಾನು ಗಣಪತಿಗೆ ಹರಕೆ ಹೊತ್ತು ಕೂತಿದ್ದೆ, ಗಣಪತಿ ಕಿವಿಗೆ ಹಾಕಿಕೊಳ್ಳಲಿಲ್ಲ. ತೋಡಿ ರಾಗ ಹಾಡಿದಾಗ ನನ್ನ ಮೈ ನನ್ನ ಮಾತು ಕೇಳದೆ ಜುಮ್ಮೆಂದಿತು. ನನ್ನ ಮೇಲೆ ನನಗೇ ರೇಗಿತು. ಸುತ್ತ ಎಲ್ಲರೂ ತಲೆದೂಗುತ್ತಿದ್ದರು, ಘಾಟ್ಕೋಪರಿನ ಸಂಜೆ ನಡೆದೇ ಇಲ್ಲವೇನೋ ಎಂಬ ಹಾಗೆ. ಅವ್ವ ಮಾತ್ರ ತಲೆದೂಗಲಿಲ್ಲ, ಅವನ ಬಲಗೈಯನ್ನೇ ನೋಡುತ್ತಿದ್ದಳು.

ಕೊನೆಗೆ ವಾಡಿಕೆಯಂತೆ ಗಂಡಸರು ಭೈರವಿ ಆಗಲಿ ಅಂದರು. ಅವನು ತಂಬೂರಿಯವರ ಕಡೆ ತಿರುಗಿ ಶ್ರುತಿ ನೋಡುತ್ತಿದ್ದಾಗ ಹೆಂಗಸರ ಕಡೆಯಿಂದ ಒಂದು ದನಿ ಬಂತು. ನಮ್ಮ ಮಂಡಳಿಯ ಬೈಠಕ್ಕಿನಲ್ಲಿ ಹೆಂಗಸರು ಇಂಥದ್ದೇ ಹಾಡಿ ಅಂತ ಫರ್ಮಾಯಿಷ್ ಹೇಳಿದ್ದಿಲ್ಲ. ಅವ್ವ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನೂ ನಾನು ಕೇಳಿದ್ದಿಲ್ಲ.

“ಬುವಾ, ದೊಡ್ಡಬಾಯಿಯವರ ಭೈರವಿ ಆಗಲಿ.”

ಯಾವ ದೊಡ್ಡಬಾಯಿ ಅಂತ ಜನ ಒಬ್ಬರ ಮುಖ ಒಬ್ಬರು ನೋಡಿದರು. ಅವನಿಗೆ ತಿಳಿಯಿತು. ಅವನು ಅವ್ವನ ಕಡೆ ನೋಡಿದ. ಹಣೆ ನೋಡಿದ. ನೀರು ತಂದುಕೊಡುತ್ತಿದ್ದ ಹುಡುಗಿಯ ಗುರುತು ಸಿಕ್ಕಿತೋ ಇಲ್ಲವೋ ದೇವರೇ ಬಲ್ಲ. ಕಣ್ಣು ಮುಚ್ಚಿದ. ಬಲಗೈ ತೊಡೆಯಿಂದ ಎದ್ದಿತು. ಪ್ರತಿ ವರ್ಷ ಏಳುವ ಹಾಗೆ, ತಾನಾಗಿ. ಎದೆ ದಾಟಿತು, ಭುಜ ದಾಟಿತು, ಕಿವಿಗೆ ಇನ್ನೇನು ತಾಗಬೇಕು, ಅಲ್ಲಿ ನಿಂತಿತು. ಆಮೇಲೆ ಆ ಕೈ ಮೇಲೆ ಹೋಗಿ ತಲೆಗೆ ಸುತ್ತಿದ ರುಮಾಲು ಸರಿಮಾಡಿಕೊಂಡಿತು. ಸರಿಯಾಗಿಯೇ ಇದ್ದ ರುಮಾಲು ಅದು.

ಅವನು ಹಾಡು ಎತ್ತಿಕೊಂಡ.

ನನ್ನ ಪಕ್ಕದಲ್ಲಿ ಅವ್ವ ಕೈಯೆತ್ತಿ ತನ್ನ ಕಿವಿಯ ಹಾಲೆ ಮುಟ್ಟಿದಳು. ಮುಟ್ಟಿ ಬಿಡಲಿಲ್ಲ, ಹಿಡಿದುಕೊಂಡೇ ಕೂತಳು. ಎದುರಿನ ಸಾಲಿನ ಹುಡುಗಿ ಅದನ್ನು ನೋಡಿದಳು. ಕಲಿತದ್ದು ಕೈಯಲ್ಲಿ ಇರುತ್ತದೆಯಲ್ಲ, ಅವಳ ಪುಟ್ಟ ಕೈಯೂ ಕಿವಿಗೆ ಹೋಯಿತು. ಅವಳ ತಾಯಿ ಥಟ್ಟನೆ ಆ ಕೈ ಹಿಡಿದು ಕೆಳಗಿಳಿಸಿದರು, ಮಡಿಲಲ್ಲಿ ಒತ್ತಿ ಇಟ್ಟುಕೊಂಡರು. ಆಮೇಲೆ ಹಾಡು ಮುಗಿಯುವ ತನಕ ಅವರು ಮಗಳ ಕೈ ಬಿಡಲೂ ಇಲ್ಲ, ತಲೆಯೆತ್ತಲೂ ಇಲ್ಲ. ಬಾಗಿಲಲ್ಲಿ ನಿಂತಿದ್ದ ಯಜಮಾನರು ಎಲ್ಲವನ್ನೂ ಕಂಡರು. ಊಟ ಬಡಿಸಲು ಮಾಣಿಗಳನ್ನು ಬಿಟ್ಟು ಅವರು ಹೋಟೆಲಿಗೆ ಹೊರಟುಹೋದರು. ಮರುದಿನ ಆ ಚೌಕದ ಮೇಲೆ ಕ್ಯಾಲೆಂಡರ್ ಬಂತು. ರೇಡಿಯೋದಲ್ಲಿ ಬುವಾ ಹಾಡುವಾಗ ಮಾತ್ರ ಅವರು ಆರಿಸುತ್ತಿರಲಿಲ್ಲ. ಮಾಣಿಗಳು ಲೋಟಗಳ ಸದ್ದು ಮಾಡಿದರೆ ಈಗ ಗದರುತ್ತಿರಲಿಲ್ಲ, ಅಷ್ಟೇ.

ನಾವು ಊಟಕ್ಕೆ ನಿಲ್ಲದೆ ಚಾಳಿನ ಕಡೆ ನಡೆದೆವು. ಮೆಟ್ಟಿಲ ಹತ್ತಿರ ಅವ್ವ ನಿಂತಳು. ಅವಳ ಕಣ್ಣು ಹೊಳೆಯುತ್ತಿತ್ತು.

“ಕೈ ಎತ್ತಿದ್ದ. ನೋಡಿದಿಲ್ಲೋ?”

“ತಿರುಗಿಸಿದ್ದೂ ನೋಡಿದೆ.”

“ಎತ್ತಿದ್ದ,” ಅಂದಳು ಅವ್ವ.

ಈ ಜಗಳ ನಮ್ಮಿಬ್ಬರ ನಡುವೆ ಅವಳು ಬದುಕಿರುವ ತನಕ ನಡೆಯಿತು. ಅವಳು ಮೇಲೆ ಹೋದ ಕೈಯನ್ನು ಹಿಡಿದುಕೊಂಡಳು, ನಾನು ರುಮಾಲನ್ನು. ತಾನಾಗಿ ಎದ್ದ ಕೈ ಸುಳ್ಳು ಹೇಳುವುದಿಲ್ಲ ಅನ್ನುವುದು ಅವಳ ವಾದ. ಎದ್ದದ್ದು ತಾನಾಗಿ, ತಿರುಗಿಸಿದ್ದು ಬೇಕೆಂದೇ, ಹಾಗಾದರೆ ಆ ಎರಡರಲ್ಲಿ ಅವನು ಯಾವುದು ಅಂತ ನನ್ನ ವಾದ. ಹುಡುಗಿಯರು ವಾಪಸು ಬರಲಿಲ್ಲ. ಕರ್ಚಿಕಾಯಿಯ ಡಬ್ಬಿಯೂ ಕಪಾಟಿನ ಮೇಲೇ ಉಳಿಯಿತು. ಆದರೆ ಅವ್ವ ಕುಂಕುಮ ಮತ್ತೆ ಅಳಿಸಲಿಲ್ಲ. ಕಾಜು ಹಾಕುತ್ತ ಕೂತಾಗ ಚಾಳಿನ ಉದ್ದನೆಯ ಗ್ಯಾಲರಿಯ ಕಡೆ ಬಾಗಿಲು ತೆರೆದಿಟ್ಟು ಆ ಭೈರವಿ ಹೇಳುತ್ತಿದ್ದಳು. ಗ್ಯಾಲರಿಯಲ್ಲಿ ಹಾದುಹೋಗುವವರ ಹೆಜ್ಜೆ ನಮ್ಮ ಬಾಗಿಲ ಮುಂದೆ ಕೆಲವೊಮ್ಮೆ ನಿಧಾನವಾಗುತ್ತಿತ್ತು. ನಿಲ್ಲುತ್ತಿರಲಿಲ್ಲ.

ಈಗ ಅವ್ವ ಇಲ್ಲ. ಬುವಾನೂ ಇಲ್ಲ. ರೇಡಿಯೋದಲ್ಲಿ ಅಪರೂಪಕ್ಕೆ ಅವನ ಹಳೆಯ ಧ್ವನಿಮುದ್ರಣ ಹಾಕುತ್ತಾರೆ, ಕೊನೆಗೆ ಆ ಭೈರವಿ ಬರುತ್ತದೆ, ಉಸ್ತಾದರಿಂದ ಬಂದ ಹಾಡು ಅಂತ ಹೇಳುತ್ತಾರೆ. ಎದ್ದು ಆರಿಸಬೇಕು ಅನ್ನಿಸುತ್ತದೆ, ಒಂದೆರಡು ಸಲ ಎದ್ದದ್ದೂ ಉಂಟು. ಆದರೆ ಬಾಗಿಲಲ್ಲಿ ನಿಂತವನನ್ನು ಒಳಗೆ ಕರೆಯುವ ಆ ದನಿ ಅವನದಲ್ಲ. ಅದು ನನ್ನ ಅಜ್ಜಿಯದು, ಅದು ಉಳಿದಿರುವುದು ಅವನ ಗಂಟಲಿನಲ್ಲಿ ಮಾತ್ರ. ನಾನು ಕೂರುತ್ತೇನೆ. ಅವನು ಹಾಡು ಎತ್ತಿಕೊಳ್ಳುವ ಮೊದಲು ಒಂದು ಗಳಿಗೆ ಮೌನವಿರುತ್ತದೆ. ಅವನ ಕೈ ಆಗ ಎಲ್ಲಿತ್ತೋ ರೇಡಿಯೋದಲ್ಲಿ ಕಾಣುವುದಿಲ್ಲ. ನಾನು ನನ್ನ ಕಿವಿ ಮುಟ್ಟಿಕೊಳ್ಳುತ್ತೇನೆ, ಆಮೇಲೆ ಕೇಳುತ್ತೇನೆ.